ಕಡೆಯ ದಿವಾನರ ವಕಾಲತ್ತು

ಐವತ್ತು ರಾಷ್ಟ್ರಗಳ ಸಮಕ್ಷಮದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ರುಜು ಹಾಕಿದ ವಕೀಲರು ಅವರು. ಚರ್ಚಿಲ್ಲರ ಯುದ್ಧಮಂತ್ರಿಮಂಡಲದಲ್ಲಿ ಕುಳಿತು ಬಂದವರು. ಬೆಂಗಳೂರಿನ ಬೀದಿ ಮಾತ್ರ ಅವರಿಗೆ ಎರಡೇ ಪದಗಳಲ್ಲಿ ತೀರ್ಪು ಕೊಟ್ಟಿತು. ಮೈಸೂರಿನ ಕಡೆಯ ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ವೃತ್ತಾಂತ.

ರಾತ್ರಿ ಒಂಬತ್ತು ಗಂಟೆಯಾಯಿತೆಂದರೆ ಕಲಾಸಿಪಾಳ್ಯಕ್ಕೆ ಇನ್ನೊಂದು ಹಗಲು ಹುಟ್ಟುತ್ತದೆ. ಟ್ರಾವೆಲ್ಸ್ ಕಚೇರಿಗಳ ಫಲಕಗಳಿಗೆ ದೀಪ ಹತ್ತುತ್ತದೆ. ಸ್ಲೀಪರ್ ಬಸ್ಸುಗಳ ಪಕ್ಕದ ಬಾಗಿಲುಗಳನ್ನು ಮೇಲೆತ್ತಿ, ಹಮಾಲರು ಬಟ್ಟೆಯ ಮೂಟೆಗಳನ್ನೂ ಹಗ್ಗ ಸುತ್ತಿದ ರಟ್ಟಿನ ಪೆಟ್ಟಿಗೆಗಳನ್ನೂ, ಒಮ್ಮೊಮ್ಮೆ ಮುಂಗಾಲಿ ಕಳಚಿದ ಮೋಟಾರುಸೈಕಲ್ಲನ್ನೂ ಒಳಕ್ಕೆ ತುರುಕುತ್ತಿರುವಾಗ, ಬಾಗಿಲಲ್ಲಿ ಜೋತುಬಿದ್ದ ಹುಡುಗರು ‘ಚೆನ್ನೈ, ಚೆನ್ನೈ’ ಎಂದೂ ‘ಕರ್ನೂಲ್, ಹೈದರಾಬಾದ್’ ಎಂದೂ ಕೋಟೆಯ ಗೋಡೆಗೆ ಕೇಳುವಂತೆ ಕೂಗುತ್ತಾರೆ.

ಆ ಕೂಗಿನ ಮೂರು ಊರುಗಳೂ ಒಬ್ಬನೇ ಮನುಷ್ಯನ ಜೀವನದಲ್ಲಿ ಬಂದುವು. ಕರ್ನೂಲಿನಲ್ಲಿ ಅವರು ಹುಟ್ಟಿದರು. ಮದರಾಸಿನಲ್ಲಿ ವಕೀಲರಾದರು, ಶಾಸಕರಾದರು. ಹೈದರಾಬಾದಿಗಾಗಿ, ಅಥವಾ ಸರಿಯಾಗಿ ಹೇಳುವುದಾದರೆ ಹೈದರಾಬಾದಿನ ವಿರುದ್ಧವಾಗಿ, ಪ್ಯಾರಿಸಿನಲ್ಲಿ ನಿಂತು ವಾದಿಸಿದರು. ಈ ಬಸ್ಸುಗಳು ಹೊರಡುವ ಊರಿನಲ್ಲಿ, ಮದರಾಸಿಗೂ ಪ್ಯಾರಿಸಿಗೂ ನಡುವಣ ಕಾಲದಲ್ಲಿ, ಅವರು ದಿವಾನರಾಗಿದ್ದರು.

ಅವರನ್ನು ನೆನೆಯುವುದಕ್ಕೆ ಅಕ್ಟೋಬರ್ ತಕ್ಕ ಮಾಸ. 24ನೆಯ ತಾರೀಕು ವಿಶ್ವಸಂಸ್ಥೆಯ ದಿನ. ಆ ಸಂಸ್ಥೆಯ ಸನ್ನದಿನ ಮೇಲೆ ಅವರ ರುಜು ಉಂಟು. 14 ಅವರ ಜನ್ಮದಿನ. 12, ಅವರ ಸರ್ಕಾರವು ಮೈಸೂರು ಕಾಂಗ್ರೆಸ್ಸಿನೊಡನೆ 1947ರಲ್ಲಿ ರಾಜಿಗೆ ಬಂದ ದಿನ. 1887ರಲ್ಲಿ ಹುಟ್ಟಿದ ದಿವಾನರಿಗೆ ಅರುವತ್ತು ತುಂಬಿದ್ದು ಆ ರಾಜಿಯಾದ ಮೂರನೆಯ ದಿನ. ಷಷ್ಟ್ಯಬ್ದಪೂರ್ತಿಗೆ ಕಾಲವು ಇಂಥ ಉಡುಗೊರೆಯನ್ನು ಎಲ್ಲರಿಗೂ ಕೊಡುವುದಿಲ್ಲ.

ಮತಪೆಟ್ಟಿಗೆಯ ಎರಡು ಸೋಲು

ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿಯೂ ಲಾ ಕಾಲೇಜಿನಲ್ಲಿಯೂ ಓದಿ ವಕೀಲಿ ಹಿಡಿದ ಈ ತರುಣನಿಗೆ ನ್ಯಾಯಾಲಯಕ್ಕಿಂತ ದೊಡ್ಡದೊಂದು ವ್ಯಾಜ್ಯ ಬಹುಬೇಗ ದೊರೆಯಿತು. 1916ರಲ್ಲಿ ಹುಟ್ಟಿದ ಬ್ರಾಹ್ಮಣೇತರ ಚಳವಳಿ, ಮುಂದೆ ಜಸ್ಟಿಸ್ ಪಕ್ಷವೆಂದು ಹೆಸರಾದುದು, ತನ್ನ ಅಹವಾಲನ್ನು ಪಾರ್ಲಿಮೆಂಟಿನ ಸಮಿತಿಯ ಮುಂದೆ ಮಂಡಿಸಲೆಂದು 1919ರಲ್ಲಿ ಲಂಡನ್ನಿಗೆ ನಿಯೋಗ ಕಳುಹಿಸಿದಾಗ, ಅದರಲ್ಲಿ ಮೊದಲಿಯಾರರೂ ಇದ್ದರು. ಆಗ ಅವರಿಗೆ ಮೂವತ್ತೆರಡು ತುಂಬಿರಲಿಲ್ಲ.

1920ರಲ್ಲಿ ಮದರಾಸಿನ ಶಾಸನಸಭೆಗೆ ಬಂದರು. ಆರು ವರ್ಷಗಳಾದ ಮೇಲೆ ಸೋತರು. ಪಕ್ಷದ ಪತ್ರಿಕೆಯಾದ ‘ಜಸ್ಟಿಸ್’ನ ಸಂಪಾದಕತ್ವ, 1928ರಿಂದ 1930ರ ತನಕ ಮದರಾಸು ನಗರಪಾಲಿಕೆಯ ಅಧ್ಯಕ್ಷತೆ, 1931ರಿಂದ ದೆಹಲಿಯ ಕೇಂದ್ರ ಶಾಸನಸಭೆಯ ಸದಸ್ಯತ್ವ ಇವೆಲ್ಲ ಒಂದರ ಹಿಂದೆ ಒಂದು ಬಂದುವು. 1934ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಸತ್ಯಮೂರ್ತಿಯವರು ಅವರನ್ನು ಮತ್ತೆ ಸೋಲಿಸಿದರು.

ಆ ಸೋಲು ಅವರ ಬಾಳಿನ ತಿರುವು ಎಂದು ನನ್ನ ಎಣಿಕೆ. ಆ ದಿನದಿಂದ ಮೊದಲ್ಗೊಂಡು ದಿವಾನಗಿರಿಯವರೆಗೆ ಅವರನ್ನು ಮೇಲೆತ್ತಿದ್ದು ಜನರ ಮತವಲ್ಲ. ಅವರ ಬುದ್ಧಿಯನ್ನೂ ನಾಲಗೆಯನ್ನೂ ಅರಿತಿದ್ದ ಅಧಿಕಾರಸ್ಥರು. ಲಂಡನ್ನಿನಲ್ಲಿ ಭಾರತಮಂತ್ರಿಯ ಸಲಹಾಮಂಡಲಿ. 1939ರಿಂದ ವೈಸರಾಯರ ಕಾರ್ಯಾಂಗದಲ್ಲಿ ವಾಣಿಜ್ಯದ ಖಾತೆ. ಯುದ್ಧದ ನಟ್ಟನಡುವೆ, 1942ರಲ್ಲಿ, ನವಾನಗರದ ಜಾಮ್‌ಸಾಹೇಬರೊಡನೆ ಚರ್ಚಿಲ್ಲರ ಯುದ್ಧಮಂತ್ರಿಮಂಡಲದಲ್ಲಿ ಭಾರತದ ಪ್ರತಿನಿಧಿ. ದೇಶದ ನಾಯಕರೆಲ್ಲ ‘ಚಲೇಜಾವ್’ ಎಂದು ಸೆರೆಮನೆಯಲ್ಲಿದ್ದ ಕಾಲವದು. ಆ ಕುರ್ಚಿಯಲ್ಲಿ ಕುಳಿತವನನ್ನು ದೇಶ ಯಾವ ಕಣ್ಣಿನಿಂದ ನೋಡಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆದರೂ ಅವರನ್ನು ಬ್ರಿಟಿಷರ ಬಾಲಬಡುಕರೆಂದು ತಳ್ಳಿಹಾಕಿದರೆ ಲೆಕ್ಕ ತಪ್ಪುತ್ತದೆ. ವಕೀಲನು ಕಕ್ಷಿದಾರನ ಮಾತನ್ನು ಕಕ್ಷಿದಾರನಿಗಿಂತ ಚೆನ್ನಾಗಿ ಆಡಬೇಕು. ಆಡುತ್ತ, ಸಂದು ಸಿಕ್ಕಿದಲ್ಲಿ ತಾನು ನಂಬಿದ ಒಂದೆರಡು ಸಂಗತಿಗಳನ್ನು ಸಾಧಿಸಿಕೊಳ್ಳಬಹುದು. ಮೊದಲಿಯಾರರು ಮಾಡಿದ್ದು ಅದನ್ನೇ.

> ಹತ್ತು ಲಕ್ಷದ ನಿಧಿ
> ಯುದ್ಧಕಾಲದಲ್ಲಿ ವಾಣಿಜ್ಯಸದಸ್ಯರಾಗಿದ್ದ ಮೊದಲಿಯಾರರೂ ವಿಜ್ಞಾನಿ ಶಾಂತಿಸ್ವರೂಪ ಭಟ್ನಾಗರರೂ ಜೊತೆಗೂಡಿ ಕಟ್ಟಿದ ಸಂಶೋಧನಾ ಮಂಡಲಿ 1940ರಲ್ಲಿ ಕೆಲಸಕ್ಕೆ ತೊಡಗಿತು. ವರ್ಷಕ್ಕೆ 10 ಲಕ್ಷ ರೂಪಾಯಿಯಂತೆ 5 ವರ್ಷಗಳ ಕೈಗಾರಿಕಾ ಸಂಶೋಧನಾ ನಿಧಿಗೆ ಕೇಂದ್ರ ಶಾಸನಸಭೆ 1941ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. 1942ರ ಸೆಪ್ಟೆಂಬರಿನಲ್ಲಿ ಇದೇ ಸಿಎಸ್‌ಐಆರ್ ಎಂಬ ಮಹಾಸಂಸ್ಥೆಯಾಯಿತು. ಅದರ ಆಹಾರ ಸಂಶೋಧನಾಲಯಕ್ಕೆ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ನೆಲೆ ದೊರೆತು, 1950ರ ಅಕ್ಟೋಬರಿನಲ್ಲಿ ಅದು ಆರಂಭವಾಯಿತು.

ಪರತಂತ್ರ ದೇಶದ ರುಜು

1945ರ ಜೂನ್ 26. ಸ್ಯಾನ್‌ಫ್ರಾನ್ಸಿಸ್ಕೋ ನಗರದ ಯುದ್ಧಸ್ಮಾರಕ ಭವನದಲ್ಲಿ ಒಂದು ದುಂಡನೆಯ ಮೇಜು. ಅದರ ಮೇಲೆ ವಿಶ್ವಸಂಸ್ಥೆಯ ಸನ್ನದು. ಜಪಾನಿನ ಆಕ್ರಮಣಕ್ಕೆ ಎಲ್ಲರಿಗಿಂತ ಮೊದಲು ತುತ್ತಾದ ಚೀನಾಕ್ಕೆ ಅಗ್ರಸ್ಥಾನವೆಂದು, ವೆಲಿಂಗ್ಟನ್ ಕೂ ಅವರು ಕುಂಚವನ್ನು ಮಸಿಯಲ್ಲಿ ಅದ್ದಿ ತಮ್ಮ ಲಿಪಿಯಲ್ಲಿ ಹೆಸರು ಬರೆದರು. ಒಂದೊಂದೇ ನಿಯೋಗ ಬಂದು, ಕುಳಿತು, ಬರೆದು, ಎದ್ದು ಹೋಗುತ್ತಿರಲು ಗಂಟೆಗಳೇ ಕಳೆದುವು. ಭಾರತದ ಸರದಿಯಲ್ಲಿ ರುಜು ಹಾಕಿದವರು ಇಬ್ಬರು: ಬ್ರಿಟಿಷ್ ಭಾರತದ ಪರವಾಗಿ ತಲೆಗೆ ಪೇಟ ಸುತ್ತಿದ ಸರ್ ರಾಮಸ್ವಾಮಿ ಮೊದಲಿಯಾರರು, ಸಂಸ್ಥಾನಗಳ ಪರವಾಗಿ ಸರ್ ವಿ. ಟಿ. ಕೃಷ್ಣಮಾಚಾರಿಯವರು.

ಸ್ವತಂತ್ರವಲ್ಲದ ದೇಶವೊಂದು ರಾಷ್ಟ್ರಗಳ ಸಂಘದ ಮೂಲಸದಸ್ಯವಾದ ಈ ವೈಚಿತ್ರ್ಯವನ್ನು ಅಲ್ಲಿಯೇ ಬೀದಿಯಲ್ಲಿ ನಿಂತು ಎತ್ತಿ ತೋರಿಸಿದವರು ವಿಜಯಲಕ್ಷ್ಮಿ ಪಂಡಿತರು. ಒಳಗೆ ಕುಳಿತಿರುವವರು ಭಾರತದ ಪ್ರತಿನಿಧಿಗಳಲ್ಲ, ಬ್ರಿಟಿಷರು ಆರಿಸಿ ಕಳುಹಿಸಿದವರು ಎಂಬುದು ಅವರ ವಾದ. ಅದು ನಿಜವೇ ಆಗಿದ್ದಿತು.

ಆದರೆ ಒಳಗೆ ಕುಳಿತವರು ಕೈಕಟ್ಟಿ ಕೂಡಲಿಲ್ಲವೆಂಬುದೂ ನಿಜ. ಆರ್ಥಿಕ, ಸಾಮಾಜಿಕ ಸಹಕಾರದ ಅಧ್ಯಾಯವನ್ನು ರಚಿಸಿದ ಸಮಿತಿಗೆ ಮೊದಲಿಯಾರರೇ ಅಧ್ಯಕ್ಷರು. ಯುದ್ಧ ನಿಲ್ಲಿಸುವುದೊಂದೇ ಈ ಸಂಸ್ಥೆಯ ಕೆಲಸವೆಂದು ಬಲಿಷ್ಠ ರಾಷ್ಟ್ರಗಳು ಭಾವಿಸಿದ್ದಾಗ, ಅನ್ನ, ಆರೋಗ್ಯ, ಉದ್ಯೋಗಗಳಿಗೂ ಅದರಲ್ಲಿ ಸಮನಾದ ಪೀಠ ದೊರೆಯಬೇಕೆಂಬ ಸಣ್ಣ ದೇಶಗಳ ಹಟಕ್ಕೆ ರೂಪುಕೊಟ್ಟುದು ಆ ಸಮಿತಿ. 1946ರ ಜನವರಿಯಲ್ಲಿ ಲಂಡನ್ನಿನ ಚರ್ಚ್ ಹೌಸಿನಲ್ಲಿ ಆರ್ಥಿಕ ಮತ್ತು ಸಾಮಾಜಿಕ ಮಂಡಳಿ ಮೊದಲು ಸೇರಿದಾಗ ಅವರನ್ನೇ ಪ್ರಥಮ ಅಧ್ಯಕ್ಷರನ್ನಾಗಿ ಆರಿಸಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಹುಟ್ಟಿಗೆ ಕಾರಣವಾದ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನವನ್ನು ಕರೆಯಲು ನಿಶ್ಚಯವಾದುದು ಆ ಮಂಡಳಿಯಲ್ಲಿಯೇ.

> ಅವಳಿಯಲ್ಲಿ ಯಾರು?
> ರಾಮಸ್ವಾಮಿ, ಲಕ್ಷ್ಮಣಸ್ವಾಮಿ ಅವಳಿ ಸಹೋದರರು. ಲಕ್ಷ್ಮಣಸ್ವಾಮಿಯವರು ವೈದ್ಯರು, 1942ರಿಂದ 27 ವರ್ಷ ಮದರಾಸು ವಿಶ್ವವಿದ್ಯಾಲಯದ ಕುಲಪತಿಗಳು. ಮಾಧ್ಯಮಿಕ ಶಿಕ್ಷಣದ ‘ಮೊದಲಿಯಾರ್ ಆಯೋಗ’ (1952–53) ಅವರದು, ದಿವಾನರದಲ್ಲ. ಅಣ್ಣ ಅಧ್ಯಕ್ಷರಾಗಿದ್ದ ಮಂಡಳಿ ದಾರಿ ಮಾಡಿಕೊಟ್ಟ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಗೆ 1961ರಲ್ಲಿ ತಮ್ಮ ಅಧ್ಯಕ್ಷರಾದರು.

ಇಪ್ಪತ್ತೇಳರ ಮಹಾರಾಜ, ಐವತ್ತೆಂಟರ ದಿವಾನ

ಇಂಥವರನ್ನು 1946ರ ಆಗಸ್ಟಿನಲ್ಲಿ ಜಯಚಾಮರಾಜೇಂದ್ರ ಒಡೆಯರು ದಿವಾನರನ್ನಾಗಿ ಕರೆತಂದರು. ಮಹಾರಾಜರಿಗೆ ಇಪ್ಪತ್ತೇಳು ವರ್ಷ. ಬ್ರಿಟಿಷರು ಹೊರಡುವ ಸಿದ್ಧತೆಯಲ್ಲಿದ್ದಾರೆ, ಸಂಸ್ಥಾನದ ಗತಿಯೇನೆಂದು ದೆಹಲಿಯಲ್ಲಿ ಕುಳಿತು ಮಾತನಾಡಬಲ್ಲ ಒಬ್ಬ ನುರಿತ ವಕೀಲ ಬೇಕು. ಅರಮನೆಯ ದೃಷ್ಟಿಯಿಂದ ಇದಕ್ಕಿಂತ ಉತ್ತಮವಾದ ಆಯ್ಕೆ ಇರಲಿಲ್ಲ.

ದೆಹಲಿಯ ಮಟ್ಟಿಗೆ ಆ ಆಯ್ಕೆ ಹುಸಿಯಾಗಲೂ ಇಲ್ಲ. ಸಂವಿಧಾನ ಸಭೆಯಲ್ಲಿ ಮೈಸೂರಿನ ಸದಸ್ಯರಾಗಿ ದಿವಾನರೇ ಕುಳಿತರು. 1881ರಿಂದ ಬ್ರಿಟಿಷರ ವಶದಲ್ಲಿದ್ದ ದಂಡುಪ್ರದೇಶ 1947ರ ಜುಲೈ 26ರಂದು ಮೈಸೂರಿಗೆ ಮರಳಿತು. ಕಲಾಸಿಪಾಳ್ಯ, ಚಾಮರಾಜಪೇಟೆ, ಬಸವನಗುಡಿಗಳ ‘ಸಿಟಿ’ಯೂ ಅತ್ತ ಕಡೆಯ ‘ಕಂಟೋನ್ಮೆಂಟೂ’ ಆರು ದಶಕಗಳಿಗೂ ಮೀರಿದ ಅಗಲಿಕೆಯ ಬಳಿಕ ಒಂದೇ ಆಡಳಿತಕ್ಕೆ ಬಂದುವು. ಇವೆರಡನ್ನೂ ಕೂಡಿಸಿ ಒಂದೇ ನಗರಪಾಲಿಕೆಯಾದುದು 1949ರಲ್ಲಿ. ತಿರುವಾಂಕೂರು, ಹೈದರಾಬಾದುಗಳು ಬೇರೆ ರಾಜ್ಯವಾಗಿ ಉಳಿಯುವ ಕನಸು ಕಂಡ ಆ ವರ್ಷ ಮೈಸೂರು ಆಗಸ್ಟ್ 9ರಂದೇ ಭಾರತದ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಒಪ್ಪಿತು.

ಹಾಗಾದರೆ ಜಗಳ ಯಾವುದಕ್ಕೆ? ಒಕ್ಕೂಟಕ್ಕೆ ಸೇರಿದ್ದಾಯಿತು, ಸರಿ. ಸಂಸ್ಥಾನದೊಳಗೆ ಆಳುವವರು ಯಾರು ಎಂಬುದಕ್ಕೆ.

ಆರ್ಕಾಟ್ ಬಾಯ್ಕಾಟ್

‘ಜವಾಬ್ದಾರಿ ಸರ್ಕಾರ’ ಎಂಬ ಕೂಗು ಹಳೆಯದು. 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆಯನ್ನೂ 1907ರಲ್ಲಿ ನ್ಯಾಯವಿಧಾಯಕ ಸಭೆಯನ್ನೂ ಪಡೆದಿದ್ದ ಮೈಸೂರಿನ ಜನಕ್ಕೆ ಸಭೆಗಳ ಕೊರತೆ ಇರಲಿಲ್ಲ. ಆ ಸಭೆಗಳಿಗೆ ಉತ್ತರ ಹೇಳಬೇಕಾದ ಮಂತ್ರಿಗಳ ಕೊರತೆ ಇದ್ದಿತು. ದಿವಾನರು ಮಹಾರಾಜರಿಗೆ ಹೊಣೆಗಾರರು, ಸಭೆಗಲ್ಲ. 1938ರ ಏಪ್ರಿಲಿನಲ್ಲಿ ಶಿವಪುರದ ಧ್ವಜಸತ್ಯಾಗ್ರಹ ನಡೆಯಿತು. ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಸುಧಾರಣೆಯ ಸಮಿತಿ ನೇಮಕವಾಯಿತು, ವರದಿ ಬಂದಿತು, ಅಷ್ಟಿಷ್ಟು ಸುಧಾರಣೆಯೂ ಬಂದಿತು. ಮೂಲ ಬೇಡಿಕೆ ಇದ್ದಲ್ಲಿಯೇ ಇದ್ದಿತು.

ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಹಾರಿಸಿದ ಮೇಲೂ ಅಠಾರಾ ಕಚೇರಿಯಲ್ಲಿ ದಿವಾನಗಿರಿ ಹಾಗೆಯೇ ನಡೆಯುತ್ತಿದ್ದುದನ್ನು ಕಂಡು, ಸೆಪ್ಟೆಂಬರ್ 1ರಂದು ಕಾಂಗ್ರೆಸ್ಸು ‘ಮೈಸೂರು ಚಲೋ’ ಸಾರಿತು. ಅರಮನೆ ಸತ್ಯಾಗ್ರಹವೆಂದೂ ಅದಕ್ಕೆ ಹೆಸರುಂಟು. ಮುಖಂಡರ ದಸ್ತಗಿರಿಯಾಯಿತು. ಪತ್ರಿಕೆಗಳ ಬಾಯಿ ಕಟ್ಟಲಾಗಿ, ಎಚ್. ಎಸ್. ದೊರೆಸ್ವಾಮಿಯವರು ತಮ್ಮ ‘ಪೌರವಾಣಿ’ಯನ್ನು ಗಡಿ ದಾಟಿಸಿ ಹಿಂದೂಪುರದಿಂದ ಹೊರತಂದರು.

ಬೀದಿಗೆ ಬಂದವರು ಬಹುಮಟ್ಟಿಗೆ ವಿದ್ಯಾರ್ಥಿಗಳು, ಕಾರ್ಮಿಕರು. ಅವರಿಗೆ ರಾಜ್ಯಾಂಗಶಾಸ್ತ್ರ ಬೇಕಿರಲಿಲ್ಲ, ಪ್ರಾಸ ಬೇಕಿತ್ತು. ದಿವಾನರ ಊರಹೆಸರೇ ಅದನ್ನು ಒದಗಿಸಿತು. ‘ಆರ್ಕಾಟ್’ ಎಂದು ಒಬ್ಬ ಕೂಗುವನು, ‘ಬಾಯ್ಕಾಟ್’ ಎಂದು ಗುಂಪು ಮಾರ್ನುಡಿಯುವುದು. ಮಹಾರಾಜರ ಆಪ್ತಕಾರ್ಯದರ್ಶಿಗಳಿಗೂ ಒಂದು ಪಾಲು ಇದ್ದಿತು: ‘ತಂಬೂಚೆಟ್ಟಿ, ಚಟ್ಟ ಕಟ್ಟಿ’. ಸಭ್ಯವಾದ ಘೋಷಣೆಯೆಂದು ಯಾರೂ ಹೇಳರು. ಆದರೆ ಆ ಚಳವಳಿಯ ಗೊತ್ತುವಳಿಗಳನ್ನೆಲ್ಲ ಮರೆತವರು ಕೂಡ ಈ ಎರಡು ಸಾಲುಗಳನ್ನು ಮರೆಯಲಿಲ್ಲ.

ಮೈಸೂರಿನಲ್ಲಿ ಗುಂಡೂ ಹಾರಿತು. ಸೆಪ್ಟೆಂಬರಿನ ಎರಡನೆಯ ವಾರದಲ್ಲಿ ಅದಕ್ಕೆ ಬಲಿಯಾದ ಶಾಲಾಬಾಲಕನ ಹೆಸರು ರಾಮಸ್ವಾಮಿ. ಅವನ ನೆನಪಿನದೇ ಆ ಊರಿನ ರಾಮಸ್ವಾಮಿ ವೃತ್ತ. ದಿನವೂ ಅದನ್ನು ಬಳಸಿ ಹೋಗುವ ಸಾವಿರಾರು ಜನರಲ್ಲಿ, ಆ ಹುಡುಗ ಎದುರಿಸಿ ನಿಂತ ದಿವಾನರ ಹೆಸರೂ ರಾಮಸ್ವಾಮಿಯೇ ಎಂಬುದನ್ನು ಎಷ್ಟು ಮಂದಿ ಬಲ್ಲರೋ.

> ಆ ಆರ್ಕಾಟ್ ಬೇರೆ
> ಚಿಕ್ಕಪೇಟೆ, ಬಳೇಪೇಟೆಯ ಕಡೆ ವ್ಯಾಪಾರಕ್ಕೆ ಹೋದವರೆಲ್ಲ ಬಲ್ಲ ‘ಎ. ಎಸ್. ಚಾರ್ ಸ್ಟ್ರೀಟ್’ನ ಪೂರ್ಣ ಹೆಸರು ಆರ್ಕಾಟ್ ಶ್ರೀನಿವಾಸಾಚಾರ್ ಬೀದಿ. ಕಡೆಯ ದಿವಾನರಿಗೂ ಆ ಹೆಸರಿಗೂ ಸಂಬಂಧವಿಲ್ಲ.

ವಕೀಲರಿಗೆ ವಕೀಲರೇ ಎದುರು

ಈ ಹೋರಾಟದ ಒಂದು ಸ್ವಾರಸ್ಯವನ್ನು ಚರಿತ್ರೆಕಾರರು ಅಷ್ಟಾಗಿ ಎತ್ತಿ ಹೇಳಿಲ್ಲ. ದಿವಾನರು ವಕೀಲರು. ಅವರಿಗೆ ಎದುರಾಗಿ ನಿಂತ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರು ವಕೀಲರು; ಎಚ್. ಸಿ. ದಾಸಪ್ಪನವರು ವಕೀಲರು, ಬೆಂಗಳೂರಿನ ಕಾರ್ಮಿಕರ ಮುಖಂಡ ಕೆ. ಟಿ. ಭಾಷ್ಯಂ ಅವರು, ಟಿ. ಸಿದ್ಧಲಿಂಗಯ್ಯನವರು, ಕೆಂಗಲ್ ಹನುಮಂತಯ್ಯನವರು ಎಲ್ಲರೂ ಕರಿಯ ಕೋಟು ತೊಟ್ಟವರೇ. ಹೊರಗೆ ಘೋಷಣೆಯಾಗಿ ಕೇಳಿಸಿದ್ದು, ಒಳಗಿನ ಕೊಠಡಿಯಲ್ಲಿ ಷರತ್ತು, ಉಪಷರತ್ತುಗಳ ವಾಗ್ವಾದವಾಗಿ ನಡೆಯಿತು.

ಇನ್ನೂ ಒಂದು ನಂಟುಂಟು. ರೆಡ್ಡಿಯವರು ಸಾರ್ವಜನಿಕ ಜೀವನಕ್ಕೆ ಕಾಲಿಟ್ಟುದು ಕಾಂಗ್ರೆಸ್ಸಿನಿಂದಲ್ಲ, ಮೈಸೂರಿನ ಬ್ರಾಹ್ಮಣೇತರ ರಾಜಕಾರಣದ ಪ್ರಜಾಪಕ್ಷದಿಂದ. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರ ಪಾಲನ್ನು ಕುರಿತು 1918ರಲ್ಲಿ ಮಿಲ್ಲರ್ ಸಮಿತಿ ಇಲ್ಲಿ ನೇಮಕವಾದಾಗ, ಆ ಚಳವಳಿ ಕಣ್ಣಿಟ್ಟು ನೋಡುತ್ತಿದ್ದುದು ಮದರಾಸಿನ ಜಸ್ಟಿಸ್ ಪಕ್ಷದತ್ತ. ಅಂದರೆ ದಿವಾನರೂ ರೆಡ್ಡಿಯವರೂ ಒಂದೇ ಹೊಳೆಯ ನೀರು ಕುಡಿದವರು. ಮೂವತ್ತರ ದಶಕದಲ್ಲಿ ರೆಡ್ಡಿಯವರ ಪಕ್ಷ ಹಳ್ಳಿಗಾಡಿನ ಒಕ್ಕಲು ಜನವನ್ನು ಬೆನ್ನಿಗಿಟ್ಟುಕೊಂಡು ಕಾಂಗ್ರೆಸ್ಸಿನಲ್ಲಿ ಒಂದಾಯಿತು. ಅದೇ ದಶಕದಲ್ಲಿ ಮೊದಲಿಯಾರರು ಮತದಾರರನ್ನು ಬಿಟ್ಟು ಮಂಡಲಿಗಳ ಕಡೆಗೆ ನಡೆದರು. ಬುದ್ಧಿಯಲ್ಲಿ, ಅನುಭವದಲ್ಲಿ, ಭಾಷಾಸಂಪತ್ತಿಯಲ್ಲಿ ದಿವಾನರ ತಕ್ಕಡಿಯೇ ತೂಗುತ್ತಿದ್ದಿತೆಂದು ನಾನು ಒಪ್ಪುವೆನು. ಆದರೆ ಆ ಸೆಪ್ಟೆಂಬರಿನಲ್ಲಿ ಜನರನ್ನು ಅರಿತಿದ್ದವರು ರೆಡ್ಡಿಯವರು.

ಅಕ್ಟೋಬರ್ 12ರಂದು ರಾಜಿಯಾಯಿತು. 25ರಂದು ರೆಡ್ಡಿಯವರ ನಾಯಕತ್ವದಲ್ಲಿ ಒಂಬತ್ತು ಮಂದಿಯ ಮಂತ್ರಿಮಂಡಲ ಬಂದಿತು. ಆರು ಕಾಂಗ್ರೆಸ್ಸಿನವರು, ಮೂವರು ಹೊರಗಿನವರು. ದಿವಾನರ ಹುದ್ದೆ ಒಡನೆಯೇ ರದ್ದಾಗಲಿಲ್ಲ. ಮಹಾರಾಜರಿಗೂ ಮಂತ್ರಿಗಳಿಗೂ ನಡುವಣ ಕೊಂಡಿಯಾಗಿ ಮೊದಲಿಯಾರರು 1949ರವರೆಗೆ ಉಳಿದರು. ಪೂರ್ಣಯ್ಯ, ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲರ ಪೀಠಕ್ಕೆ ಅವರ ಅನಂತರ ಯಾರೂ ಬರಲಿಲ್ಲ.

ಪ್ಯಾರಿಸಿನಲ್ಲಿ ತಿರುಗುಮುರುಗು

ಬೇರೊಬ್ಬರಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿದ್ದಿತು. ವೈಸರಾಯರ ಸಲಹೆಗಾರ, ಸಂಸ್ಥಾನದ ದಿವಾನ, ‘ಸರ್’ ಪದವಿಯ ಮನುಷ್ಯ: ಸ್ವತಂತ್ರ ಭಾರತಕ್ಕೆ ಇಂಥವರಿಂದ ಏನಾಗಬೇಕು? ಆದರೆ ನೆಹರೂ ಸರ್ಕಾರ ರಾಜಿಯ ಮರುವರ್ಷವೇ ಅವರನ್ನು ಕರೆಯಿತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದಿನೊಳಕ್ಕೆ ನಡೆಯಿತು. ನಿಜಾಮರ ಸರ್ಕಾರ ಅಷ್ಟರಲ್ಲಿಯೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿದ್ದಿತು. ಮಂಡಳಿ ಪ್ಯಾರಿಸಿನಲ್ಲಿ ಸೇರಿ 16ರಂದು ಆ ದೂರನ್ನು ಕೈಗೆತ್ತಿಕೊಂಡಿತು. ನಿಜಾಮರ ಪರವಾಗಿ ಮೊಯಿನ್ ನವಾಜ್ ಜಂಗ್. ಭಾರತದ ಪರವಾಗಿ ಮೊದಲಿಯಾರ್.

ಅವರ ವಾದದ ಒಡಲು ಇಷ್ಟು: ಸದಸ್ಯವಲ್ಲದ ರಾಷ್ಟ್ರವೂ ಮಂಡಳಿಗೆ ದೂರು ತರಬಹುದೆಂದು ಸನ್ನದಿನ 35ನೆಯ ವಿಧಿ ಹೇಳುತ್ತದೆ, ನಿಜ, ಆದರೆ ದೂರು ತರುವುದು ರಾಷ್ಟ್ರವಾಗಿರಬೇಕು. ಹೈದರಾಬಾದು ಎಂದೂ ಸ್ವತಂತ್ರ ರಾಷ್ಟ್ರವಾಗಿರಲಿಲ್ಲ. ಆದುದರಿಂದ ಈ ದೂರನ್ನು ಕೇಳುವ ಅಧಿಕಾರವೇ ಮಂಡಳಿಗಿಲ್ಲ. ದಾವೆಯ ಹೂರಣಕ್ಕೆ ಇಳಿಯುವ ಮೊದಲೇ ವ್ಯಾಪ್ತಿಯ ಬಾಗಿಲಲ್ಲಿ ಎದುರಾಳಿಯನ್ನು ತಡೆಯುವುದು ಪಳಗಿದ ವಕೀಲನ ಪಟ್ಟು. ತಾವು ರುಜು ಹಾಕಿದ ಸನ್ನದಿನ ವಿಧಿಯನ್ನೇ ಎತ್ತಿಕೊಂಡು, ತಾವು ಮೂರು ವರ್ಷ ಹಿಂದೆ ಪರತಂತ್ರ ದೇಶದ ಪ್ರತಿನಿಧಿಯಾಗಿ ಕುಳಿತಿದ್ದ ಸಂಸ್ಥೆಯಲ್ಲಿಯೇ, ಸಂಸ್ಥಾನವೊಂದಕ್ಕೆ ರಾಷ್ಟ್ರದ ಸ್ಥಾನವಿಲ್ಲವೆಂದು ಸಾಧಿಸಹೊರಟವರು, ಆ ಗಳಿಗೆಯಲ್ಲಿ ಇನ್ನೂ ಸಂಸ್ಥಾನವೊಂದರ ದಿವಾನರು.

ಹೈದರಾಬಾದಿನ ಸೇನೆ ಶರಣಾಗತವಾಯಿತು. ವಾರದೊಳಗೆ ನಿಜಾಮರೇ ದೂರನ್ನು ಹಿಂತೆಗೆದುಕೊಳ್ಳುವುದಾಗಿ ತಂತಿ ಕಳುಹಿಸಿದರು. ಗೆದ್ದುದು ಸೈನ್ಯವೇ ಹೊರತು ವಾದವಲ್ಲವೆಂದು ಯಾರಾದರೂ ಹೇಳಿದರೆ ಅಲ್ಲಗಳೆಯಲಾರೆ. ಆದರೆ ಸೈನ್ಯಕ್ಕೆ ಬೇಕಾದ ಆ ಕೆಲವು ದಿನಗಳಲ್ಲಿ ಮಂಡಳಿಯ ಮುಂದೆ ಭಾರತದ ಮಾತು ಸೋಲದಂತೆ ನೋಡಿಕೊಳ್ಳುವುದಕ್ಕೂ ಒಬ್ಬ ಬೇಕಿದ್ದಿತು.

ಅವಕಾಶವಾದಿಯೆ? ಹಾಗೆಂದವರುಂಟು. ನನಗೆ ತೋರುವುದು ಬೇರೆ. ಜಸ್ಟಿಸ್ ಪಕ್ಷ, ವೈಸರಾಯ್, ಮಹಾರಾಜ, ನೆಹರೂ ಇವರೆಲ್ಲರೂ ಆ ವಕೀಲರ ಪಾಲಿಗೆ ಬಂದ ಕಕ್ಷಿದಾರರು. ಕಕ್ಷಿದಾರ ಬದಲಾದಾಗ ಅವರ ಪ್ರಾಮಾಣಿಕತೆ ಬದಲಾಗಲಿಲ್ಲ, ಕಡತ ಬದಲಾಯಿತು. ಇಂಥ ಮನುಷ್ಯರನ್ನು ಜನ ಪ್ರೀತಿಸುವುದಿಲ್ಲ, ಸರ್ಕಾರಗಳು ಬಿಟ್ಟಿರುವುದಿಲ್ಲ.

1951ರಿಂದ ಹತ್ತು ವರ್ಷ ಅವರು ತಿರುವಾಂಕೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 1955ರಲ್ಲಿ ಐಸಿಐಸಿಐ ಸಂಸ್ಥೆ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದರು. 1962ರಲ್ಲಿ ಆಮದು–ರಫ್ತು ನೀತಿಯ ಸಮಿತಿಯೂ ಅವರ ಪಾಲಿಗೇ ಬಂದಿತು. 1954ರಲ್ಲಿ ಪದ್ಮಭೂಷಣ, 1970ರಲ್ಲಿ ಪದ್ಮವಿಭೂಷಣ. ಬೀದಿಯಲ್ಲಿ ಅವರನ್ನು ಸೋಲಿಸಿದ ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾಗಿ, ಕೇಂದ್ರದ ಸಚಿವರಾಗಿ, ಮಧ್ಯಪ್ರದೇಶದ ರಾಜ್ಯಪಾಲರಾಗಿ 1976ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷದ ಜುಲೈ 17ರಂದು ಮೊದಲಿಯಾರರೂ ನಿಧನರಾದರು. ಎಂಬತ್ತೊಂಬತ್ತು ತುಂಬಲು ಮೂರು ತಿಂಗಳಿದ್ದುವು.